ದಿಬ್ರುಗಢ ಎಷ್ಟು ತಾಸಿನ ಹಾದಿ?

ಬೇರೆಯವರ ಮನೆಯಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನ ಪಗಾರ ಕೇಳ್ತಾರೆ, ಹೊಲ ಕೇಳ್ತಾರೆ, ಕುಡೀತಾನಾ ಅಂತ ಗುಟ್ಟಾಗಿ ವಿಚಾರಿಸ್ತಾರೆ. ನಮ್ಮ ಮನೆಯಲ್ಲಿ ಮೊದಲು ಕೇಳೋದು, 'ಎಷ್ಟು ತಾಸಿನ ಹಾದಿ?' ಅಂತ. ಅದಕ್ಕೇ ನಮ್ಮಲ್ಲಿ ನಡೆಯೋ ಫಜೀತಿಗಳು ಬೇರೆ ಯಾರ ಮನೆಯಲ್ಲೂ ನಡೆಯೋದಿಲ್ಲ.

ಕೇಳೋಳು ನಮ್ಮ ಆಯಿ, ಅಂದ್ರೆ ಅಪ್ಪನ ತಾಯಿ. ಹುಡುಕಿ ಹೇಳೋನು ನಾನು. ಇಂಟರ್, ಅಂದ್ರೆ ಪಿಯುಸಿ, ಅರ್ಧಕ್ಕೆ ಬಿಟ್ಟು ಕೂತವನ ಕೈಯಲ್ಲಿರೋ ಫೋನಾದರೂ ಮನೆಗೆ ಉಪಯೋಗ ಆಗಲಿ ಅಂತ ಅಪ್ಪನ ವಿಚಾರ. ನಾವು ಮೂಲತಃ ಸಿಂದಗಿ ಕಡೆಯವರು. ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದು, ಈಗ ಕ್ರಿಕೆಟ್ ಸ್ಟೇಡಿಯಂ ಇರೋ ಉಪ್ಪಲ್‌ನಲ್ಲಿ ಮನೆ ಮಾಡಿಕೊಂಡಿದ್ದೇವೆ.

ನಮ್ಮಲ್ಲಿ ಸತ್ತವರನ್ನು ಸುಡೋದಿಲ್ಲ, ಹೂಳ್ತಾರೆ. ಅದಕ್ಕೆ 'ಮಣ್ಣು' ಅಂತಾರೆ. ಮನೆಯ ಹೆಣ್ಣುಮಗಳು ಬರೋತನಕ ಹೆಣ ಎತ್ತೋದಿಲ್ಲ, ಆದರೆ ಕಾಯೋದು ಹೊತ್ತು ಮುಳುಗೋತನಕ ಅಷ್ಟೇ. ಇದರ ಮೇಲೆ ಆಯಿ ತನ್ನದೊಂದು ಕಾಯ್ದೆ ಕಟ್ಟಿದ್ದಾಳೆ. ಮುಂಜಾನೆ ಸುದ್ದಿ ಮುಟ್ಟಿದರೆ ಹೊತ್ತು ಮುಳುಗೋದ್ರೊಳಗೆ ಹುಡುಗಿ ಬಂದು ಮುಖ ನೋಡಬೇಕು. ಅಷ್ಟು ದೂರಕ್ಕೆ ಮಾತ್ರ ಹೆಣ್ಣು ಕೊಡೋದು. ಅದರಾಚೆ ಇದ್ದವನು ಕಲೆಕ್ಟರ್ ಆದರೂ ನಮ್ಮ ಪಾಲಿಗೆ ಇಲ್ಲ.

ದಾರದ ವಿಮಾನ

ನಮ್ಮ ಅಕ್ಕನಿಗೆ ಬಂದ ಹುಡುಗನ ಮನೆಯವರು ಬಾಗಲಕೋಟೆ ಕಡೆಯವರು. ಆದರೆ ಹುಡುಗನ ನೌಕರಿ ಅಸ್ಸಾಂನಲ್ಲಿ, ನೆಲದಿಂದ ಎಣ್ಣೆ ತೆಗೆಯೋ ಸರ್ಕಾರಿ ಕಂಪನಿಯಲ್ಲಿ. ದಿಬ್ರುಗಢ ಅನ್ನೋ ಏರ್‌ಪೋರ್ಟಿಗೆ ಇಳಿದು, ಮತ್ತೊಂದಿಷ್ಟು ದೂರ ಹೋಗಬೇಕು. ಹುಡುಗ ಬಂದು ನೋಡಿಕೊಂಡು ಹೋಗಿದ್ದ. ಅಕ್ಕನಿಗೆ ಮನಸ್ಸಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವತ್ತಿನಿಂದ ನನ್ನನ್ನು 'ಲೇ ಮಂಗ್ಯಾ' ಅನ್ನೋದು ಬಿಟ್ಟು ಹೆಸರು ಹಿಡಿದು ಕರೆಯುತ್ತಿದ್ದಳು. ಇದಕ್ಕಿಂತ ಸಾಕ್ಷಿ ಏನು ಬೇಕು?

ಪಡಸಾಲೆಯಲ್ಲಿ ಪಂಚಾಯ್ತಿ ಕೂತಿತು. ಅಪ್ಪ, ಅವ್ವ, ಆಯಿ, ಜೊತೆಗೆ ಹೈದರಾಬಾದಿನ ಆ ತುದಿಯ ಪಟಾನ್‌ಚೆರುವಿನ ಕಾಕಾ. ಕಾಕಾ ಅಂದ್ರೆ ಅಪ್ಪನ ತಮ್ಮ, ಅಲ್ಲಿ ಔಷಧದ ಫ್ಯಾಕ್ಟರಿಯಲ್ಲಿ ಕೆಲಸ.

"ಎಷ್ಟು ತಾಸಿನ ಹಾದಿ?" ಆಯಿ ಕೇಳಿದಳು.

ನಾನು ಫೋನಿನಲ್ಲಿ ಎರಡೂ ಏರ್‌ಪೋರ್ಟಿನ ಹೆಸರು ಬಡಿದೆ. ಅದು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ನಕಾಶೆಯ ಮೇಲೆ ಒಂದು ಗೆರೆ ಎಳೆದು ತೋರಿಸಿತು. "ಎರಡು ಸಾವಿರ ಕಿಲೋಮೀಟರ್ ಮ್ಯಾಲೆ ಒಂದೀಟು ಚಿಲ್ಲರ. ವಿಮಾನಕ್ಕ ಮೂರು ತಾಸು."

ಆಯಿ ಕಾಕಾನ ಕಡೆ ತಿರುಗಿದಳು. "ನೀ ಪಟಾನ್‌ಚೆರುದಿಂದ ಇಲ್ಲಿಗೆ ಬರಾಕ ಎಷ್ಟು ಹೊತ್ತು ಬೇಕೋ?"

"ಬಸ್ ಸಿಕ್ರ ಎರಡೂವರಿ ತಾಸು."

"ಸಿಗಲಿಲ್ಲಂದ್ರ?"

"ಮೂರು ಹಿಡೀತೈತಿ."

"ಹಂಗಾದ್ರ ಹುಡುಗ ಪಟಾನ್‌ಚೆರುದಾಗ ಅದಾನ ಅಂತ ತಿಳಕೊಳ್ಳೂಣು," ಅಂದು ಆಯಿ ಕಾಲು ಚಾಚಿದಳು.

ಒಳಗಿನಿಂದ ಅಕ್ಕ ಯಾರೂ ಕೇಳದೆ ಎಲ್ಲರಿಗೂ ಚಾ ತಂದಳು. ನನಗೆ ದೊಡ್ಡ ಕಪ್ಪು. ಅಷ್ಟರಲ್ಲಿ ಅಪ್ಪ, ಶಿಫ್ಟಿನ ಗಂಟೆ ನೋಡಿ ಬದುಕೋ ಕಾರ್ಖಾನೆ ಮನುಷ್ಯ, ಸುಮ್ಮನಿರದೆ ಕೇಳಿದ. "ಎಷ್ಟು ಗಂಟೆಕ್ಕ ಬಿಡ್ತೈತಿ ಆ ವಿಮಾನ?"

ನೋಡಿದೆ. ಅಂಥ ವಿಮಾನವೇ ಇಲ್ಲ! ಫೋನು ಮಾಡಿದ್ದಿಷ್ಟೇ. ಈ ಊರಿಗೂ ಆ ಊರಿಗೂ ಒಂದು ದಾರ ಬಿಗಿದು, ದಾರದ ಉದ್ದಕ್ಕೆ ವಿಮಾನದ ವೇಗ ಹಚ್ಚಿ ಲೆಕ್ಕ ಹೇಳಿತ್ತು. ಆ ದಾರದ ಮೇಲೆ ಹಾರೋ ವಿಮಾನ ಯಾರೂ ಇಟ್ಟಿಲ್ಲ. ಕೊಲ್ಕತ್ತಾದಲ್ಲಿ ಇಳಿದು ಬೇರೆ ಹತ್ತಬೇಕು, ನಡುವೆ ಕಾಯಬೇಕು. ಎಲ್ಲಾ ಕೂಡಿಸಿದರೆ ಇಡೀ ಹಗಲು ಹೋಗುತ್ತೆ.

ಇದನ್ನು ನಾನು ಚಾ ಮುಗಿದ ಮೇಲೆ ಹೇಳಿದೆ.

"ಇಲ್ಲದ ವಿಮಾನದಾಗ ನನ್ನ ಮೊಮ್ಮಗಳನ್ನ ಕೂಡಿಸಿ ಕಳಸಾಕತ್ತಿದ್ದೆಲ್ಲೋ!" ಆಯಿ ಚಾಚಿದ ಕಾಲು ಮಡಿಚಿದಳು.

ಒಳಗಿನಿಂದ ದನಿ ಬಂತು. "ಲೇ ಮಂಗ್ಯಾ, ಆ ಕಪ್ ತೊಳದಿಡು."

ಸೂರ್ಯನ ಡ್ಯೂಟಿ

ಹುಡುಗನ ಜೊತೆ ಮಾತಾಡಿದರೆ ಆಯಿಯ ಮನಸ್ಸು ಕರಗೀತು ಅಂತ ನಾನೇ ಒಂದು ಸಂಜೆ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಚಳಿಗಾಲ. ನಮ್ಮ ಬಾಲ್ಕನಿಯಲ್ಲಿ ಇನ್ನೂ ಬಿಸಿಲಿತ್ತು. ಆಕಡೆ ನೋಡಿದರೆ ಕಪ್ಪಗೆ, ಹುಡುಗನ ಹಲ್ಲು ಮಾತ್ರ ಕಾಣ್ತಾ ಇದ್ದವು.

"ಯಾಕೋ ತಮ್ಮಾ, ಕರೆಂಟ್ ಹೋಗೇತೇನು?"

"ಇಲ್ರಿ ಆಯಿ, ಹೊರಗ ನಿಂತೀನಿ. ಕತ್ತಲಾಗೇತಿ."

"ಐದು ಗಂಟೆಕ್ಕ?"

"ಇಲ್ಲಿ ಹಂಗ್ರಿ. ನಾವು ಮೂಡಲ ತುದಿಯಾಗ ಅದೀವಿ. ಸೂರ್ಯಾ ನಮ್ಮಲ್ಲಿ ಲಗೂ ಬರ್ತಾನ, ಲಗೂ ಹೋಗ್ತಾನ. ಗಡಿಯಾರ ಮಾತ್ರ ನಿಮ್ಮದ, ನಮ್ಮದ ಒಂದ."

ಆಯಿ ಬಾಲ್ಕನಿಯ ಬಿಸಿಲು ನೋಡಿದಳು, ಫೋನಿನೊಳಗಿನ ಕತ್ತಲು ನೋಡಿದಳು. ನನಗೂ ಒಂದು ಕ್ಷಣ ವಿಚಿತ್ರ ಅನಿಸಿತು. ನಮ್ಮ ಅಂಗೈಯಲ್ಲಿ ರಾತ್ರಿ, ಮೊಣಕೈ ಮೇಲೆ ಬಿಸಿಲು. ದೂರ ಅಂದ್ರೆ ಬರೀ ಕಿಲೋಮೀಟರ್ ಅಂತ ಅಲ್ಲಿತನಕ ತಿಳಿದಿದ್ದೆ.

ಆಯಿಯ ಚಿಂತೆ ಬೇರೆ ಇತ್ತು. ಹೊತ್ತು ಮುಳುಗೋದ್ರೊಳಗೆ ಅಂದರೆ ಯಾವ ಊರಿನ ಹೊತ್ತು? ಅಲ್ಲಿನ ಹೊತ್ತು ಹಿಡಿದರೆ ಹುಡುಗಿ ಹೊರಡೋದ್ರೊಳಗೇ ಮುಳುಗಿರುತ್ತೆ! ಕೊನೆಗೆ ತಾನೇ ತೀರ್ಪು ಕೊಟ್ಟಳು. ಸಾಯೋದು ಇಲ್ಲಿ, ಆದ್ದರಿಂದ ಇಲ್ಲಿನ ಹೊತ್ತು. ಫೋನ್ ಇಟ್ಟ ಮೇಲೆ ಅಪ್ಪನಿಗೆ ಹೇಳಿದಳು:

"ಹುಡುಗ ಚಲೋ ಅದಾನ. ಆದ್ರ ಅಲ್ಲಿ ಸೂರ್ಯಾನೂ ಸರ್ಕಾರಿ ನೌಕರ ಅದಾನ ನೋಡು. ಸಂಜೀ ಆಗೂದ್ರಾಗ ಚೀಲಾ ಹಿಡಕೊಂಡು ಹೋಗೇಬಿಡ್ತಾನ."

ಅಬಿಡ್ಸ್‌ನ ಟಿಕೆಟ್ ಅಂಗಡಿ

ನನ್ನ ಫೋನಿನ ಮೇಲೆ ಆಯಿಗೆ ಭರವಸೆ ಹೋಗಿತ್ತು. "ಟಿಕೀಟ್ ಮಾರಾವರನ್ನ ಕೇಳೂಣು ನಡಿ," ಅಂದಳು. ಬಸ್ ಹಿಡಿದು ಅಬಿಡ್ಸ್‌ಗೆ ಹೋದೆವು. ಪುಸ್ತಕದ ಅಂಗಡಿಗಳ ಸಾಲಿನಲ್ಲಿ ಒಂದು ಸಣ್ಣ ಟಿಕೆಟ್ ಅಂಗಡಿ. ಒಳಗೆ ವಯಸ್ಸಾದ ಮಾಲೀಕರು, ಬಾಯ್ತುಂಬ ಪಾನ್. ಆಯಿ ಇಷ್ಟು ವರ್ಷದಲ್ಲಿ ನಮಗಿಂತ ಚೆನ್ನಾಗಿ ಇಲ್ಲಿನ ದಖನಿ ಉರ್ದು ಕಲಿತಿದ್ದಾಳೆ. ಕುರ್ಚಿ ಎಳೆದುಕೊಂಡು ಎಲ್ಲಾ ವಿವರ ಹೇಳಿದಳು.

ಅವರು ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ಮೊದಲ ದಾರಿ ಕೊಲ್ಕತ್ತಾ ಮೇಲೆ. ಎರಡನೆಯದು ದಿಲ್ಲಿ ಮೇಲೆ. ಮೂರನೆಯದು ದಿಲ್ಲಿ, ಆಮೇಲೆ ಗುವಾಹಟಿ, ಆಮೇಲೆ ದಿಬ್ರುಗಢ.

"ಮೂಡಲಕ್ಕ ಹೋಗಾಕ ಬಡಗಲಕ್ಕ ಯಾಕ ಹೋಗಬೇಕು?" ಆಯಿ ನನ್ನ ಕಿವಿಯಲ್ಲಿ ಅಂದಳು. "ಉಪ್ಪಲ್‌ದಿಂದ ನಾಗೋಲ್‌ಗೆ ಹೋಗಾಂವ ಪಟಾನ್‌ಚೆರು ಹಾಯ್ದು ಹೋದಂಗಾತು."

ಪಕ್ಕದ ಓಣಿಗೆ ಪಟಾನ್‌ಚೆರು ಸುತ್ತಿ ಹೋಗೋದನ್ನ ಎಣಿಸಿ ನನಗೆ ನಗು ತಡೆಯಲಿಲ್ಲ. ಮಾಲೀಕರು ಮಾತ್ರ ಗಂಭೀರವಾಗಿ, ವಿಮಾನದ ದಾರಿ ಹಂಗೇ, ಜನ ಎಲ್ಲಿ ಹೆಚ್ಚೋ ಅಲ್ಲಿ ಇಳಿದು ಹೋಗುತ್ತೆ ಅಂತ ತಿಳಿಸಿ ಹೇಳಿದರು. ಬಸ್ಸೂ ಹಂಗೇ ಅಂತ ಆಯಿ ಒಪ್ಪಿಕೊಂಡಳು. ಆಮೇಲೆ ತನ್ನ ಮುಖ್ಯ ಪ್ರಶ್ನೆ ಹಾಕಿದಳು. ಮನೆಯಲ್ಲಿ ಯಾರಾದರೂ ಮುಂಜಾನೆ ತೀರಿಕೊಂಡರೆ, ಅಲ್ಲಿಂದ ಹುಡುಗಿ ಹೊತ್ತು ಮುಳುಗೋದ್ರೊಳಗೆ ಬರೋದು ಆಗುತ್ತಾ?

"ಯಾರು ತೀರಿಕೊಂಡರೆ?" ಮಾಲೀಕರು ಕೇಳಿದರು.

"ನಾನು," ಅಂದಳು ಆಯಿ.

ಅವರು ಪಾನ್ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, ಬಹಳ ಮರ್ಯಾದೆಯಿಂದ ಹೇಳಿದರು. "ಅಮ್ಮಾ, ಕಬ್ ಜಾರೇ ಪೈಲೇಚ್ ಬೋಲ್ದೇವ್. ಪೈಲೇ ಬುಕ್ ಕರೇ ತೋ ಅಚ್ಛಾ ಸೀಟ್ ಮಿಲ್ತಾ." ಅಂದ್ರೆ, ಯಾವಾಗ ಹೊರಟಿದ್ದೀರಿ ಅಂತ ಮೊದಲೇ ಹೇಳಿಬಿಡಿ, ಮೊದಲೇ ಬುಕ್ ಮಾಡಿದರೆ ಒಳ್ಳೆ ಸೀಟು ಸಿಗುತ್ತೆ ಅಂತ.

ಇನ್ನೇನು ಆಯಿ ಚಪ್ಪಲಿಗೆ ಕೈ ಹಾಕ್ತಾಳೆ ಅಂತ ನಾನು ಬಾಗಿಲ ಕಡೆ ಸರಿದೆ. ಆಯಿ ಕುರ್ಚಿ ಇನ್ನಷ್ಟು ಮುಂದೆ ಎಳೆದುಕೊಂಡು ಅಂದಳು. "ಮೇರಾ ಛೋಡೋ ಭಾಯಿ. ಪೋತೀ ಕು ಖಿಡ್ಕೀ ಬಾಜೂಚ್ ದೇನಾ." ನನ್ನದು ಬಿಡಪ್ಪಾ, ಮೊಮ್ಮಗಳಿಗೆ ಕಿಟಕಿ ಬದಿ ಸೀಟು ಕೊಡು.

ಅರ್ಧ ತಾಸಿನ ಊರು

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ನಾನು ಕೇಳಿದೆ. "ಆಯಿ, ಎಲ್ಲಾರ ಮನ್ಯಾಗೂ ಮಂದಿ ಸಾಯ್ತಾರ. ನಿನಗೊಬ್ಬಾಕಿಗೆ ಯಾಕ ಇಷ್ಟು ಟೈಂಟೇಬಲ್?"

ಆಯಿ ಕಿಟಕಿಯ ಕಡೆ ನೋಡ್ತಾ ಹೇಳಿದಳು. ಆಕೆ ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತು. ಸಿಂದಗಿ ಹತ್ತಿರದ ಹಳ್ಳಿಯಲ್ಲಿ ಆಕೆಯ ಅವ್ವ ತೀರಿಕೊಂಡಳು. ತಾರು, ಅಂದ್ರೆ ಟೆಲಿಗ್ರಾಂ, ಬಂತು. ಅಜ್ಜ ಡ್ಯೂಟಿ ಬಿಟ್ಟು ಬರೋದ್ರೊಳಗೆ ಕಡೆಯ ಬಸ್ಸು ಹೋಗಿತ್ತು. ಆಮೇಲೆ ಸಿಕ್ಕಿದ್ದು ಹತ್ತಿ, ಕೆಟ್ಟಲ್ಲಿ ಇಳಿದು, ಇನ್ನೊಂದಕ್ಕೆ ಕಾದು, ಕಡೆಗೆ ಒಂದು ಸುಣ್ಣದ ಲಾರಿಯ ಹಿಂದೆ ಕೂತು ಊರು ಮುಟ್ಟಿದಳು. ಮಣ್ಣಾಗಿ ಹೋಗಿತ್ತು. ಮಣ್ಣು ಇನ್ನೂ ಹಸಿ ಇತ್ತಂತೆ.

ನಾನು ಫೋನ್ ತೆಗೆದು, ಆಯಿಗೆ ಕಾಣದಂತೆ ಮಗ್ಗುಲಿಗೆ ತಿರುಗಿ, ಹೈದರಾಬಾದಿಗೂ ಸಿಂದಗಿಗೂ ದಾರ ಎಳೆದು ನೋಡಿದೆ. ವಿಮಾನಕ್ಕೆ ಅರ್ಧ ತಾಸಿನ ಹಾದಿ. ಆಯಿಗೆ ಅರ್ಧ ತಾಸಿನಲ್ಲಿ ಹೋಗೋಕಾಗದೆ ತಪ್ಪಿದ ಮುಖ ಅದು. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಲಿಲ್ಲ. ನಾನು ತಾನಾಗೇ ಫೋನ್ ಜೇಬಿಗೆ ಹಾಕಿದ್ದು ನೋಡಿ ಆಯಿಗೇ ಗಾಬರಿ ಆಯ್ತು.

"ಯಾಕೋ, ಆರಾಮಿಲ್ಲೇನು?"

"ಅದೀನಿ. ಆಮ್ಯಾಲೆ ಏನಾತು?"

"ಏನಾಗೂದು? ಮೈತುಂಬ ಸುಣ್ಣಾ, ತಲಿತುಂಬ ಸುಣ್ಣಾ. ಅಳಕೋತ ಬಾಗಲದಾಗ ನಿಂತೆ. ನನ್ನ ಖಾಸ ತಮ್ಮ ಬಂದು ಕೈಮುಗದು ಕೇಳಿದ. 'ಯಾರು ಬೇಕಾಗಿತ್ರಿ ಅಜ್ಜಿ?'"

ಅಂದು ಆಯಿ ನಕ್ಕಳು. ನಾನೂ ನಕ್ಕೆ. ಇಳಿಯೋ ಸ್ಟಾಪ್ ತಪ್ಪಿಸಿಕೊಂಡು ಮುಂದಿನದರಲ್ಲಿ ಇಳಿದೆವು.

ನನ್ನ ಜೋಕು

ಯುಗಾದಿ ಬಂತು. ಹುಡುಗನ ಕಡೆಯವರು ಹೌದೋ ಅಲ್ಲೋ ಹೇಳಿಬಿಡ್ರಿ ಅಂತ ಫೋನ್ ಮೇಲೆ ಫೋನ್. ಕಾಕಾ ತನ್ನದೇ ಫ್ಯಾಕ್ಟರಿಯಿಂದ ಒಬ್ಬ ಹುಡುಗನನ್ನು ಹುಡುಕಿಕೊಂಡು ಬಂದ. "ಪಟಾನ್‌ಚೆರು ಅಂದ್ರ ಕೂಗಿದ್ರ ಕೇಳ್ತೈತಿ. ದಿನಾ ಬೇಕಾದ್ರ ಬಂದು ಹೋಗ್ತಾಳ." ಆಯಿ ತಲೆ ಆಡಿಸಿದಳು.  ಬೇವು ಬೆಲ್ಲ ಹಂಚುವಾಗ ನನಗೆ ಬರೀ ಬೇವು ಬಂದರೂ ಅಕ್ಕ ನಗಲಿಲ್ಲ. ತಿಂದು ಮುಖ ಕಿವುಚಿದೆ, ಅದಕ್ಕೂ ನಗಲಿಲ್ಲ. ನನಗೆ ಅದು ತಡೆಯೋಕಾಗಲಿಲ್ಲ.

ಆಯಿ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ನಾನು ಎದುರು ಕೂತು ಅಂದೆ. "ಆಯಿ, ಹಿಂಗ ತಾಸು ಎಣಿಸಿಕೋತ ಕುಂತ್ರ ಬಗಿಹರಿಯೂದಿಲ್ಲ. ಒಮ್ಮೆ ಸತ್ತು ನೋಡಿಬಿಡು. ಹುಡುಗ ಮುಟ್ತಾನೋ ಇಲ್ಲೋ ಗೊತ್ತಾಗಿ ಹೋಗ್ತೈತಿ."

ಜೋಕು ಅದು.  ಅವ್ವ ಲಟ್ಟಣಿಗೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. ಅಪ್ಪ ಕನ್ನಡಕ ತೆಗೆದ. ಆಯಿ ಒಂದು ಅವರೆಕಾಯಿ ಪೂರ್ತಿ ಬಿಡಿಸಿ, ಕಾಳು ಬುಟ್ಟಿಗೆ ಹಾಕಿ, ನನ್ನ ಮುಖ ನೋಡಿ ಅಂದಳು:

"ಹೌದಲ್ಲ."

ಆ ಸಂಜೆಯೇ ಹುಡುಗನಿಗೆ ಫೋನು. ಕರಾರು ಹೀಗೆ. ಯಾವತ್ತಾದರೂ ಒಂದು ಮುಂಜಾನೆ ಆಯಿ ಫೋನ್ ಮಾಡ್ತಾಳೆ, ಆಗ ಕೈಯಲ್ಲಿದ್ದದ್ದು ಬಿಟ್ಟು ಹೊರಡಬೇಕು. ಇಲ್ಲಿನ ಹೊತ್ತು ಮುಳುಗೋದ್ರೊಳಗೆ ಬಾಗಿಲಲ್ಲಿ ಕಂಡರೆ ಅಕ್ಕನನ್ನು ಕೊಡ್ತೀವಿ. ಇಲ್ಲದಿದ್ದರೆ ಪಟಾನ್‌ಚೆರು. ಹುಡುಗ ಮೊದಲು ನಕ್ಕ. ಇತ್ತ ಯಾರೂ ನಗೋದು ಕೇಳಿಸಲಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಆತ್ರಿ ಆಯಿ, ಬರ್ತೀನಿ. ಯಾವತ್ತು ಸಾಯ್ತೀರಿ?" ಅಂದ.

"ಅದನ್ನ ಮೊದಲ ಹೇಳಿದ್ರ ಪರೀಕ್ಷಾ ಹೆಂಗಾದೀತು ತಮ್ಮಾ?"

ಚಾ ಕುಡಿದ ಮೇಲೆ

ಒಂದು ಮುಂಜಾನೆ, ನಾನಿನ್ನೂ ಹಾಸಿಗೆಯಲ್ಲಿ, ಪಡಸಾಲೆಯಿಂದ ಆಯಿಯ ದನಿ ಕೇಳಿಸಿತು.

"ಹಲೋ. ನಾ ಸತ್ತೀನಿ. ಲಗೂ ಹೊಂಡು."

ಸ್ಪೀಕರಿನಲ್ಲಿ ಹುಡುಗನ ನಿದ್ದೆಗಣ್ಣಿನ ದನಿ. "ಹಾಂ… ಯಾವಾಗ್ರಿ?"

"ಈಗ. ಚಾ ಕುಡದ ಮ್ಯಾಲೆ."

"ಏನಾಗಿತ್ರಿ?"

"ಏನೂ ಆಗಿಲ್ಲಪಾ, ಆರಾಮ ಅದೀನಿ. ನೀ ಮಾತಾಡ್ಕೋತ ನಿಂದ್ರಬ್ಯಾಡ."

ಆಯಿ ಕಾಕಾನಿಗೂ ಸುದ್ದಿ ಮುಟ್ಟಿಸಿದಳು, ಪಂಚರು ಬೇಕಲ್ಲ. ಕಾಕಾ, "ಈಗ ಹೊಂಟೆ," ಅಂದ.

ಆಮೇಲೆ ಆಯಿ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಒರಗಿ ಕೂತಳು. ನಮ್ಮಲ್ಲಿ ಹೆಣ ಮಲಗಿಸೋದಿಲ್ಲ, ಗೋಡೆಗೆ ಆನಿಸಿ ಕೂಡಿಸ್ತಾರೆ. ಇದರಿಂದ ಆಯಿಗೆ ಅನುಕೂಲವೇ ಆಯಿತು. ಎದುರಿಗೆ ಟಿವಿ. ಮುಂಜಾನೆಯ ಧಾರಾವಾಹಿ ಒಂದೂ ತಪ್ಪಲಿಲ್ಲ.

ಅವ್ವ ಒಲೆ ಹಚ್ಚೋಕೆ ಹೋದಳು. "ಹೆಣಾ ಇದ್ದ ಮನ್ಯಾಗ ಒಲಿ ಹಚ್ತಾರೇನು?" ಅಂತ ಹೆಣವೇ ಗದರಿಸಿತು. ಅಪ್ಪ ಬಿಸ್ಕೀಟು ತಿಂದು ಡ್ಯೂಟಿಗೆ ಹೋದ. ಅಕ್ಕ ಒಂದೇ ಕೋಣೆಯ ಕಸ ಮೂರು ಸಲ ಗುಡಿಸಿದಳು. ಕೈಯಲ್ಲಿ ಕಸಬರಿಗೆ, ಕಣ್ಣು ಫೋನಿನ ಮೇಲೆ. ಹುಡುಗ ದಿಬ್ರುಗಢ ಏರ್‌ಪೋರ್ಟ್ ಮುಟ್ಟಿದ ಅಂತ ಮೆಸೇಜ್ ಬಂತು. ವಿಮಾನ ಹತ್ತಿದ ಅಂತ ಬಂತು. ಆಮೇಲೆ ಏನೂ ಇಲ್ಲ. ಆಕಾಶದಲ್ಲಿ ಇರೋವಾಗ ಮನುಷ್ಯ ಯಾವ ಊರಿನವನೂ ಅಲ್ಲ, ಅವನಿಗೆ ಸುದ್ದಿ ಮುಟ್ಟಿಸೋಕಾಗೋದಿಲ್ಲ. ಕಾಯೋರಿಗೆ ಆ ಹೊತ್ತು ಎಷ್ಟು ಉದ್ದ ಅಂತ ಯಾವ ಫೋನೂ ಲೆಕ್ಕ ಹಾಕಿ ಹೇಳೋದಿಲ್ಲ. ಅಕ್ಕನ ಮುಖ ನೋಡಿದರೆ ಗೊತ್ತಾಗ್ತಿತ್ತು.

ಮಧ್ಯಾಹ್ನ ಎದುರು ಮನೆಯ ತೆಲುಗು ಆಂಟಿ ಹೆಪ್ಪಿಗೆ ಮೊಸರು ಕೇಳೋಕೆ ಬಟ್ಟಲು ಹಿಡಿದು ಬಂದರು. ಬಾಗಿಲಲ್ಲಿ ನಾನಿದ್ದೆ. ಸುಮ್ಮನಿರೋಕೆ ಆಗುತ್ತಾ? ಮುಖ ಸಣ್ಣದು ಮಾಡಿ, "ಮಾ ನಾನಮ್ಮ ಪೋಯಿಂದಿ ಆಂಟಿ," ನಮ್ಮ ಅಜ್ಜಿ ಹೋಗಿಬಿಟ್ಟಳು ಅಂದೆ.

"ಅಯ್ಯೋ ದೇವುಡಾ!" ಬಟ್ಟಲು ಠಣ್ ಅಂತ ಬಿತ್ತು. ಒಳಗಿನಿಂದ ಆಯಿ, "ಎವರು? ಲೋಪಲಿಕಿ ರಾ ಅಮ್ಮಾ," ಯಾರು, ಒಳಗೆ ಬಾರಮ್ಮಾ ಅಂತ ಕರೆದಳು. ಆಂಟಿ ಇನ್ನೊಂದು ಸಲ ಕೂಗಿದರು, ಮೊದಲನೆಯದಕ್ಕಿಂತ ಜೋರಾಗಿ.

ವಿಷಯ ತಿಳಿದ ಮೇಲೆ ನನ್ನ ಕಿವಿ ಹಿಂಡಿ, ಎದುರು ಮನೆಗೆ ಹೋಗಿ ಒಂದು ದೊಡ್ಡ ಪಾತ್ರೆ ಪುಳಿಹೋರ, ಅಂದ್ರೆ ಪುಳಿಯೋಗರೆ, ತಂದರು. ಸತ್ತ ಮನೆಗೆ ನೆರೆಯವರು ಊಟ ತರೋದು ಅವರಲ್ಲೂ ಪದ್ಧತಿ. ಹೆಣ ಎರಡು ಸಲ ಹಾಕಿಸಿಕೊಂಡಿತು.

ಹೊತ್ತು ಮುಳುಗೋದ್ರೊಳಗೆ

ಹುಡುಗ ಕೊಲ್ಕತ್ತಾದಲ್ಲಿ ಇಳಿದ ಅಂತ ಮೆಸೇಜ್ ಬಂತು. ಊಟ ಆದ ಮೇಲೆ ಆಯಿಗೆ ಇನ್ನೊಂದು ಚಿಂತೆ ಹತ್ತಿತು. ಅಷ್ಟು ದೂರದಿಂದ ಹುಡುಗ ಬರ್ತಾನೆ, ಮಣ್ಣಾದ ಮೇಲೆ ಬಂದವರಿಗೆ ರೊಟ್ಟಿ ಹಾಕಬೇಕು. ನೋಡಿದರೆ ಜೋಳದ ಹಿಟ್ಟು ಇಲ್ಲ. ಸ್ಟೇಡಿಯಂ ಆಚೆ ಒಂದೇ ಒಂದು ಗಿರಣಿ ಜೋಳ ಬೀಸಿಕೊಡುತ್ತೆ. ಅಲ್ಲೂ ಗೋಧಿ ಬೀಸಿದ ಮೇಲೆ ಕಲ್ಲು ಒರೆಸದೆ ಜೋಳ ಹಾಕ್ತಾರೆ ಅಂತ ಆಯಿಗೆ ಯಾವತ್ತೂ ಅನುಮಾನ. ತಾನೇ ಎದುರು ನಿಂತು ಬೀಸಿಸಬೇಕು.

"ನಾ ತರ್ತೀನಿ ಬಿಡು," ಅಂದೆ.

"ನಿನಗೇನು ತಿಳೀತೈತಿ? ಹುಡುಗ ಇನ್ನ ಕೊಲ್ಕತ್ತಾದಾಗ ಅದಾನ. ನಾ ಹಿಂಗ ಹೋಗಿ ಹಿಂಗ ಬಂದೆ."

ಫೋನ್ ಒಯ್ಯಿ ಅಂದೆ. "ಸತ್ತಾಕಿಗೆ ಫೋನ್ ಯಾಕ?" ಅಂದು ಜೋಳದ ಚೀಲ ಹಿಡಿದು ಆಟೋ ಹತ್ತಿದಳು.

ಬಿಸಿಲು ಇಳೀತಾ ಇರುವಾಗ ಬಾಗಿಲು ಬಡಿದ ಸದ್ದಾಯಿತು. ಅಕ್ಕ ತೆಗೆದಳು. ಹುಡುಗ! ಹೆಗಲಿಗೆ ಒಂದು ಚೀಲ, ಅಂಗಿಯ ಗುಂಡಿ ಮೇಲೆ ಕೆಳಗೆ, ಒಂದು ಕಾಲಿಗೆ ಕರಿ ಸಾಕ್ಸು, ಇನ್ನೊಂದಕ್ಕೆ ನೀಲಿ. ಮೊದಲು ಕಿಟಕಿಯ ಕಡೆ ನೋಡಿದ. ಬಿಸಿಲಿತ್ತು. ಗೋಡೆಗೆ ಆನಿಕೊಂಡು ಉಸಿರು ಬಿಟ್ಟ.

"ಆಯಿ ಎಲ್ರಿ?"

"ಹೊರಗ ಹೋಗ್ಯಾಳ," ಅಂದೆ ನಾನು.

"ಸತ್ತಾವರು ಹೊರಗ ಹೋಗ್ತಾರೇನೋ?"

ಅಕ್ಕ ನೀರು ಕೊಟ್ಟಳು. ಅವನು ಕುಡೀತಾ ಹೇಳಿದ. ಮುಂಜಾನೆ ಸಾಹೇಬರ ಮನೆಗೇ ಹೋಗಿ ರಜಾ ಕೇಳಿದನಂತೆ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಸರ್, ನಾ ಮದುವಿ ಆಗೋ ಹುಡುಗಿ ಅಜ್ಜಿ ಸತ್ತಿಲ್ಲ, ಸತ್ತು ನೋಡಾಕತ್ತಾರ," ಅಂತ ಇದ್ದದ್ದು ಇದ್ದಂಗೆ ಹೇಳಿದ. ಸಾಹೇಬರು ಹಲ್ಲುಜ್ಜೋ ಬ್ರಶ್ ಬಾಯಿಂದ ತೆಗೆದು, "ಅಜ್ಜಿ ಸತ್ತಳು ಅಂತ ರಜಾ ಕೇಳಿದೋರೆಲ್ಲ ನನಗೆ ಸುಳ್ಳು ಹೇಳಿದ್ದಾರೆ. ನೀನೊಬ್ಬ ಖರೇ ಹೇಳಿದ್ದೀಯ, ಓಡು," ಅಂದರಂತೆ.

ಅಕ್ಕ ನಕ್ಕಳು. ಎಷ್ಟು ದಿನದ ಮೇಲೆ ಕೇಳಿದ ನಗು ಅದು. ಆದರೆ ಅರ್ಧಕ್ಕೇ ನಿಲ್ಲಿಸಿ ಕಿಟಕಿ ನೋಡಿದಳು. ಆಯಿ ಬಂದಿರಲಿಲ್ಲ. ಕಾಕಾನಿಗೆ ಫೋನ್ ಹಚ್ಚಿದರೆ, "ದಾರ್ಯಾಗ ಅದೀನಿ," ಅಂದ. ಹಿಂದೆ ಅವನ ಮನೆಯ ಮಿಕ್ಸಿ ಸದ್ದು. ಹುಡುಗ ಬಂದ ಅಂತ ಹೇಳಿದೆ. ಕಾಕಾ ತಟ್ಟನೆ ಕಾಯ್ದೆ ತೆಗೆದ. "ಬಂದ್ರೇನಾತು? ಹೊತ್ತು ಮುಳುಗೋದ್ರಾಗ ಮುಖ ನೋಡಬೇಕು ಅಂತ ಕರಾರು. ಆಯಿ ನೋಡ್ಯಾಳೇನು? ಇಲ್ಲ. ಅಂದ್ರ ಬಂದಿಲ್ಲ."

ಅಕ್ಕನ ಮುಖ ಬಾಡಿತು. ಅಷ್ಟು ದೂರ ಹಾರಿ ಬಂದವನು ಎದುರಿಗೇ ಕೂತಿದ್ದಾನೆ, ಹೊತ್ತು ಕಟ್ಟಡಗಳ ಹಿಂದೆ ಇಳೀತಾ ಇದೆ, ಹೆಣದ ಪತ್ತೆ ಇಲ್ಲ. ಆಗ ಹೊರಗಿನಿಂದ ತುತ್ತೂರಿ ಸದ್ದು, ಕೂಗಾಟ. ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರು ಓಣಿ ತುಂಬಿ ಹೋಗ್ತಾ ಇದ್ದರು. ನಾನು ತಲೆಗೆ ಕೈ ಹಚ್ಚಿದೆ. ಇವತ್ತು ಸ್ಟೇಡಿಯಂನಲ್ಲಿ ಮ್ಯಾಚು! ಆ ದಿನ ಉಪ್ಪಲ್ ರಸ್ತೆಯಲ್ಲಿ ಇರುವೆಗೂ ದಾರಿ ಸಿಗೋದಿಲ್ಲ.

ಓಡಿದೆ. ರಸ್ತೆ ತುಂಬ ಬೈಕು, ಬಾವುಟ, ಬಸ್ಸು, ಎಲ್ಲಾ ನಿಂತಲ್ಲೇ. ಪೊಲೀಸರು ಅಡ್ಡ ಗೇಟು ಇಟ್ಟಿದ್ದರು. ಅದರಾಚೆ ಒಂದು ಆಟೋ, ಒಳಗೆ ತೊಡೆ ಮೇಲೆ ಹಿಟ್ಟಿನ ಚೀಲ ಇಟ್ಟುಕೊಂಡು ನಮ್ಮ ಆಯಿ. ಇಳಕಲ್ ಸೀರೆಯೆಲ್ಲ ಹಿಟ್ಟು. ಪೊಲೀಸಪ್ಪನ ಜೊತೆ ತೆಲುಗಿನಲ್ಲಿ ಜಗಳ ನಡೆದಿತ್ತು.

"ಸಾವುಕು ಪೋತುನ್ನ ಸಾರೂ, ಇಡ್ಸಿಪೆಟ್ಟು!" ಸಾವಿಗೆ ಹೊರಟಿದ್ದೀನಿ, ಬಿಟ್ಟುಬಿಡು.

ಪೊಲೀಸಪ್ಪ ಸ್ವಲ್ಪ ಮೆತ್ತಗಾದ. ಟೋಪಿ ಸರಿ ಮಾಡಿಕೊಂಡು ಕೇಳಿದ. "ಅಯ್ಯೋ ಪಾಪಂ. ಎವರು ಸಚ್ಚಿಂಡ್ರು ಅಮ್ಮಾ?" ಯಾರು ಸತ್ತದ್ದು?

"ನೇನೇ!" ನಾನೇ ಅಂದಳು ಆಯಿ.

ಪೊಲೀಸಪ್ಪ ಆಯಿಯ ಮುಖ ನೋಡಿದ. ಹಿಟ್ಟು ಮೆತ್ತಿ ಬೆಳ್ಳಗಾಗಿದ್ದ ಮುಖ. ಆಟೋದವನನ್ನು ನೋಡಿದ. ಆಟೋದವನು, ನನಗೂ ಗೊತ್ತಿಲ್ಲ ಸಾರ್ ಅನ್ನೋ ಹಾಗೆ ಕೈ ಆಡಿಸಿದ. ಪೊಲೀಸಪ್ಪ ಗೇಟು ಸರಿಸಿದ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಬೀದಿ ದೀಪ ಹತ್ತಿದ್ದವು. ಅಪ್ಪ ಡ್ಯೂಟಿಯಿಂದ ಬಂದು, ಶೂ ಕೂಡ ಬಿಚ್ಚದೆ ನಿಂತಿದ್ದ. ಹುಡುಗ ಎದ್ದು ಬಂದು ಆಯಿಯ ಕಾಲು ಮುಟ್ಟಿದ. ಆಯಿ ಅವನ ಗದ್ದ ಹಿಡಿದು ಮುಖ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವನ ಗದ್ದಕ್ಕೂ ಹಿಟ್ಟಾಯಿತು.

"ಯಾವಾಗ ಬಂದೆ?"

ಅವನು ಬಾಯಿ ತೆರೆಯೋ ಮುಂಚೆ ಅಕ್ಕ ಹೇಳಿದಳು. "ಬಿಸಿಲು ಇರೂವಾಗನ ಬಂದ್ರು ಆಯಿ. ನೀನ ಇರಲಿಲ್ಲ." 

 ಅಷ್ಟರಲ್ಲಿ ಕಾಕಾ, ಬಸ್ಸು ನೆಚ್ಚದೆ ಬೈಕ್ ಟ್ಯಾಕ್ಸಿ ಹಿಡಿದು, ಬಾಗಿಲಿಗೆ ಬಂದ. ಏದುಸಿರು ಬಿಡ್ತಾ, "ಹೊತ್ತು ಮುಳುಗಿತು, ಮುಖ ನೋಡಲಿಲ್ಲ, ಕರಾರು ಕರಾರಾ," ಅಂತ ಶುರು ಮಾಡಿದ.

ಆಯಿ ಅವನ ಕಡೆ ತಿರುಗಿದಳು. "ನೀ ಯಾವಾಗ ಹೊಂಟಿದ್ದೆಪಾ?"

"ಮುಂ… ಮುಂಜಾನೆ."

"ಇಂವ ಅಸ್ಸಾಂದಿಂದ ಬಂದ. ನೀ ಪಟಾನ್‌ಚೆರುದಿಂದ ಈಗ ಬಂದಿ. ಮಾತಾಡಬ್ಯಾಡ, ಕೂಡ್ರು." ಅಕ್ಕನ ಕೈಗೆ ಹಿಟ್ಟಿನ ಚೀಲ ಕೊಟ್ಟಳು. "ಹುಡುಗ ವೇಳೇಕ್ಕ ಬಂದಾನ. ತಡಾ ಆಗಿದ್ದು ಹೆಣಾ. ತಪ್ಪು ಹೆಣದ್ದು."

"ಹಂಗಾದ್ರ, ಆಯಿ?" ಅಕ್ಕ ಚೀಲ ಎದೆಗೆ ಅವಚಿಕೊಂಡು ಕೇಳಿದಳು.

"ಹಂಗಾದ್ರ ಏನು? ಒಲಿ ಹಚ್ಚು, ರೊಟ್ಟಿ ಬಡಿ. ನಾಳೆ ಮದುವಿ ದಿನಾ ನೋಡ್ಸೂಣು." ಆಯಿ ಸೀರೆಯ ಹಿಟ್ಟು ಕೊಡವಿ, ಮುಂಜಾನೆಯಿಂದ ಕೂತಿದ್ದ ಗೋಡೆಗೇ ಒರಗಿ ಕೂತಳು. "ವಿಮಾನದ್ದೇನೂ ತಕರಾರಿಲ್ಲ. ನಾನ ಮ್ಯಾಚ್ ಇಲ್ಲದ ದಿನಾ ನೋಡಿ ಸಾಯ್ತೀನಿ."